ಕೊಲೆಯ ಕಥೆ ಯಾರ ಬಾಯಲ್ಲಿ?

(ನಮ್ಮ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ‘ನುವಾರ್’ ಅನ್ನುವ ಅಮೆರಿಕದ ಅಪರಾಧ ಕಾದಂಬರಿಗಳ ಬಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನನ್ನ ಕೆಮ್ಮನ್ನೂ ಕರೆಂಟು ಹೋದ ಹತ್ತು ನಿಮಿಷವನ್ನೂ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಪುಸ್ತಕ ನೋಡಿ. ಮೇಲಿನ ರಟ್ಟು ಇಲ್ಲ, ಬೆನ್ನಿಗೆ ಸೆಲ್ಲೋಟೇಪು ಸುತ್ತಿದೆ. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡದ್ದು. ಪರೀಕ್ಷೆಗೆ ಗೈಡು ತರುತ್ತೇನೆ ಅಂತ ಮನೆಯಲ್ಲಿ ದುಡ್ಡು ಇಸ್ಕೊಂಡು ಹೋಗಿದ್ದೆ. ಆಗ ಅಲ್ಲಿ ಇಂಗ್ಲಿಷ್ ಕ್ರೈಮ್ ಅಂದರೆ ಜೇಮ್ಸ್ ಹ್ಯಾಡ್ಲಿ ಚೇಸ್, ರಾಶಿ ರಾಶಿ ಚೇಸ್. ಅಂಥ ಒಂದು ರಾಶಿಯ ಅಡಿಯಲ್ಲಿ ಇದು ಸಿಕ್ಕಿತು. ರೇಮಂಡ್ ಚಾಂಡ್ಲರ್‌ನ ‘ದಿ ಬಿಗ್ ಸ್ಲೀಪ್’.

ಅವತ್ತು ರಾತ್ರಿ ಕೂತು ಓದಿದೆ. ಎರಡು ಗಂಟೆ ಹೊತ್ತಿಗೆ ಗೊತ್ತಾಯಿತು, ಕೊನೆಯ ಹತ್ತು ಹನ್ನೆರಡು ಪುಟ ಇಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಕೊನೆಯ ಪುಟಗಳೇ ಇಲ್ಲ ಅಂದರೆ ಸಿಟ್ಟು ಬರಬೇಕು ಅಲ್ವಾ? ನನಗೆ ಬರಲಿಲ್ಲ. ಮತ್ತೆ ಮೊದಲ ಪುಟಕ್ಕೆ ಹೋದೆ. ಅಕ್ಟೋಬರ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ, ಮಳೆ ಬರುವ ಹಾಗಿದೆ. ಒಬ್ಬ ಬಾಡಿಗೆ ಪತ್ತೇದಾರ ನೀಟಾಗಿ ಸೂಟು ಹಾಕಿಕೊಂಡು, ಶೇವ್ ಮಾಡಿಕೊಂಡು, ಕುಡಿಯದೆ, ಶ್ರೀಮಂತರ ಮನೆಗೆ ಹೊರಟಿದ್ದಾನೆ. ಹೋಗುತ್ತಿರುವುದು ಒಬ್ಬ ಮನುಷ್ಯನನ್ನು ನೋಡೋಕಲ್ಲ, ನಲವತ್ತು ಲಕ್ಷ ಡಾಲರನ್ನು ನೋಡೋಕೆ ಅಂತ ತಾನೇ ಹೇಳಿಕೊಳ್ಳುತ್ತಾನೆ. ಆ ದನಿ ಇನ್ನೂ ಸ್ವಲ್ಪ ಹೊತ್ತು ಕೇಳಬೇಕು ಅನ್ನಿಸಿತು, ಅಷ್ಟೇ. ಯಾರು ಯಾರನ್ನು ಕೊಂದರು ಅನ್ನುವುದು ಆಮೇಲಿನ ಮಾತಾಯಿತು.

ವರ್ಷಗಳಾದ ಮೇಲೆ ಚಾಂಡ್ಲರ್‌ನ ಒಂದು ಮುನ್ನುಡಿ ಓದಿದೆ. ಕೊನೆಯ ಪುಟಗಳು ಇಲ್ಲದಿದ್ದರೂ ಓದಬೇಕು ಅನ್ನಿಸುವುದೇ ಒಳ್ಳೆಯ ಪತ್ತೇದಾರಿ ಕಥೆ ಅಂತ ಅವನೇ ಬರೆದಿದ್ದಾನೆ. ನನಗೆ ಪುಸ್ತಕ ಮಾರಿದ ಫುಟ್‌ಪಾತಿನವರನ್ನು ಆ ದಿನ ಮನಸ್ಸಿನಲ್ಲೇ ಕ್ಷಮಿಸಿದೆ.

ಈ ಕಾದಂಬರಿಯ ಬಗ್ಗೆ ಇನ್ನೊಂದು ಕಥೆ ಇದೆ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1946ರಲ್ಲಿ ಹೊವಾರ್ಡ್ ಹಾಕ್ಸ್ ಇದನ್ನು ಸಿನಿಮಾ ಮಾಡಿದ. ಚಿತ್ರಕಥೆ ಬರೆದವರಲ್ಲಿ ವಿಲಿಯಂ ಫಾಕ್ನರ್ ಕೂಡ ಇದ್ದ. ಕಥೆಯಲ್ಲಿ ಆ ಶ್ರೀಮಂತರ ಮನೆಯ ಕಾರು ಡ್ರೈವರ್ ಒಬ್ಬ ಕಾರಿನ ಸಮೇತ ಸಮುದ್ರದಲ್ಲಿ ಹೆಣವಾಗಿ ಸಿಗುತ್ತಾನೆ. ಇವನನ್ನು ಕೊಂದವರು ಯಾರು? ಅಥವಾ ತಾನೇ ಸತ್ತನಾ? ಸಿನಿಮಾದವರಿಗೆ ತಿಳಿಯಲಿಲ್ಲ. ಚಾಂಡ್ಲರ್‌ಗೇ ತಂತಿ ಕಳಿಸಿ ಕೇಳಿದರು. ನನಗೂ ಗೊತ್ತಿಲ್ಲ ಅಂತ ಉತ್ತರ ಬಂತು.

ಈ ಕಥೆ ಕೇಳಿ ಎಲ್ಲರೂ ನಗುತ್ತಾರೆ. ನಾನು ಅದನ್ನು ಇವತ್ತು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಬರೆದವನಿಗೇ ಕೊಲೆಗಾರ ಗೊತ್ತಿಲ್ಲ, ಆದರೂ 1939ರ ಈ ಪುಸ್ತಕ ಇನ್ನೂ ಅಚ್ಚಿನಲ್ಲಿದೆ. ಅಂದಮೇಲೆ ಈ ಜಾತಿಯ ಕಾದಂಬರಿಗಳನ್ನು ಹಿಡಿದು ನಿಲ್ಲಿಸುವುದು ಬೇರೆ ಏನೋ ಇರಬೇಕು. ಕಥೆ ಹೇಳುವವನಿಗೆ ಒಂದು ಕುರ್ಚಿ ಇದೆ ಅಂತ ಇಟ್ಟುಕೊಳ್ಳಿ. ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದರಲ್ಲೇ ನುವಾರ್ ಕಾದಂಬರಿಯ ಜೀವ ಇದೆ ಅಂತ ನನ್ನ ನಂಬಿಕೆ. ಒಬ್ಬರಿಂದ ಒಬ್ಬರಿಗೆ ಬಂದಿರುವುದೂ ಅದೇ ಕುರ್ಚಿ. ಆಮೇಲೆ ಬಂದವರು ಅದನ್ನು ಎತ್ತಿಕೊಂಡು ಹೋಗಿ ತಮಗೆ ಬೇಕಾದ ಕಡೆ ಹಾಕಿಕೊಂಡರು.

‘ನುವಾರ್’ ಅನ್ನುವ ಮಾತಿನ ಬಗ್ಗೆ ಎರಡೇ ವಾಕ್ಯ. ಫ್ರೆಂಚಿನಲ್ಲಿ ಅದಕ್ಕೆ ಕಪ್ಪು ಅಂತ ಅರ್ಥ. 1945ರಲ್ಲಿ ಪ್ಯಾರಿಸ್ಸಿನ ಗಾಲಿಮಾರ್ ಪ್ರಕಾಶನದಲ್ಲಿ ಮಾರ್ಸೆಲ್ ದ್ಯುಅಮೆಲ್ ಎಂಬಾತ ‘ಸೆರಿ ನುವಾರ್’ ಅಂತ ಒಂದು ಮಾಲೆ ಶುರು ಮಾಡಿದ, ಅಲ್ಲಿಂದ ಹೆಸರು ಅಂಟಿಕೊಂಡಿತು. ಒಂದು ತಮಾಷೆ ಏನೆಂದರೆ, ಅಮೆರಿಕದ ಕಥೆಗಳ ಮಾಲೆ ಅಂತ ಪ್ರಸಿದ್ಧವಾದ ಅದರ ಮೊದಲ ಪುಸ್ತಕಗಳಲ್ಲಿ ನಮ್ಮ ಅವೆನ್ಯೂ ರಸ್ತೆಯ ಚೇಸ್ ಕೂಡ ಇದ್ದ. ಚೇಸ್ ಲಂಡನ್ನಿನವನು. ಅಮೆರಿಕದ ನಕ್ಷೆ, ಅಲ್ಲಿನ ಆಡುಮಾತಿನ ನಿಘಂಟು ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದ. ಎರಡು ವಾಕ್ಯ ಅಂದೆ, ಜಾಸ್ತಿ ಆಯಿತು.

ಈಗ ಕುರ್ಚಿಗೆ ಬರೋಣ. ಹಳೆಯ ಇಂಗ್ಲಿಷ್ ಪತ್ತೇದಾರಿ ಕಥೆಯಲ್ಲಿ ಅದು ಯಾರದು? ಷರ್ಲಾಕ್ ಹೋಮ್ಸ್‌ನ ಕಥೆ ಹೇಳುವವನು ವಾಟ್ಸನ್. ಅವನು ಡಾಕ್ಟರು, ಸಭ್ಯಸ್ಥ, ಗೆಳೆಯನನ್ನು ಕಂಡರೆ ಬೆರಗು. ಊರಿನಲ್ಲಿ ಎಲ್ಲ ಸರಿಯಾಗಿರುತ್ತದೆ. ಎಲ್ಲೋ ಒಂದು ಕೊಲೆ ಆಗುತ್ತದೆ. ಜಾಣನೊಬ್ಬ ಅದನ್ನು ಬಿಡಿಸುತ್ತಾನೆ. ಮತ್ತೆ ಎಲ್ಲ ಸರಿಯಾಗುತ್ತದೆ. ನಮ್ಮಲ್ಲೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿದ ತಲೆಮಾರಿಗೆ ಈ ಸುಖ ಚೆನ್ನಾಗಿ ಗೊತ್ತು. ಪುಸ್ತಕ ಮುಚ್ಚುವಾಗ ಲೋಕ ತನ್ನ ಜಾಗಕ್ಕೆ ಬಂದು ಕೂತಿರುತ್ತದೆ. ಅದನ್ನು ನಾನು ಕೀಳಾಗಿ ನೋಡುತ್ತಿಲ್ಲ. ನನಗೂ ಎಷ್ಟೋ ಕೆಟ್ಟ ವಾರಗಳನ್ನು ದಾಟಿಸಿದ ಪುಸ್ತಕಗಳು ಅವು.

ಕುರ್ಚಿಯನ್ನು ವಾಟ್ಸನ್ ಕೈಯಿಂದ ಕಿತ್ತುಕೊಂಡವನು ಡ್ಯಾಶಿಯಲ್ ಹ್ಯಾಮೆಟ್. 1915ರಲ್ಲಿ, 21ನೇ ವಯಸ್ಸಿನಲ್ಲಿ, ಪಿಂಕರ್ಟನ್ ಅನ್ನುವ ಖಾಸಗಿ ಪತ್ತೇದಾರಿ ಸಂಸ್ಥೆಗೆ ಕೆಲಸಕ್ಕೆ ಸೇರಿದ. ಸಂಬಳದ ಕೆಲಸ. ಯಾರನ್ನೋ ಹಿಂಬಾಲಿಸು, ರಾತ್ರಿಯೆಲ್ಲ ಬಾಗಿಲು ಕಾಯಿ, ಬೆಳಿಗ್ಗೆ ಆಫೀಸಿಗೆ ಬಂದು ವರದಿ ಬರಿ. ಆ ವರದಿಯಲ್ಲಿ ಏನಿರಬೇಕು? ಆಳು ಎಷ್ಟು ಗಂಟೆಗೆ ಹೊರಬಂದ, ಯಾವ ಕೋಟು, ಎಡಕ್ಕೆ ಹೋದನಾ ಬಲಕ್ಕೆ ಹೋದನಾ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಬರೆದರೆ ಮೇಲಿನವರು ಹೊಡೆದುಹಾಕುತ್ತಾರೆ. ಹ್ಯಾಮೆಟ್‌ನ ಗದ್ಯ ಅಲ್ಲೇ ಹುಟ್ಟಿತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆಮೇಲೆ ಕ್ಷಯರೋಗ ಹಿಡಿಯಿತು, ಓಡಾಡುವ ಕೆಲಸ ಆಗದಾಯಿತು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂತು ಬರೆಯತೊಡಗಿದ. ‘ಬ್ಲ್ಯಾಕ್ ಮಾಸ್ಕ್’ ಅನ್ನುವ ಅಗ್ಗದ ಕಾಗದದ ಪತ್ರಿಕೆ ಅವನ್ನು ಹಾಕಿಕೊಂಡಿತು.

ಆ ಕಥೆಗಳನ್ನು ಹೇಳುವವನಿಗೆ ಹೆಸರೇ ಇಲ್ಲ. ಕುಳ್ಳ, ದಪ್ಪ, ನಡುವಯಸ್ಸಿನ ಒಬ್ಬ ನೌಕರ. 1929ರ ‘ರೆಡ್ ಹಾರ್ವೆಸ್ಟ್’ ಶುರುವಾಗುವುದೇ ಒಂದು ಉಚ್ಚಾರಣೆಯ ತಮಾಷೆಯಿಂದ. ಗಣಿ ಊರು ಬ್ಯೂಟ್‌ನಲ್ಲಿ ಯಾರೋ ಒಬ್ಬ ‘ಪರ್ಸನ್‌ವಿಲ್’ ಅನ್ನುವ ಊರನ್ನು ‘ಪಾಯ್ಸನ್‌ವಿಲ್’ ಅಂದನಂತೆ. ಅಂದರೆ ವಿಷದೂರು. ಇವನು ಷರ್ಟಿಗೂ ‘ಷಾಯ್ಟ್’ ಅನ್ನುವವನು, ನಾಲಿಗೆಯೇ ಹಾಗೆ ಇರಬೇಕು ಅಂತ ನಮ್ಮ ನೌಕರ ಸುಮ್ಮನಾಗುತ್ತಾನೆ. ಆ ಊರಿಗೆ ಹೋದ ಮೇಲೆ ತಿಳಿಯುತ್ತದೆ, ನಾಲಿಗೆಯ ತಪ್ಪೇನೂ ಇಲ್ಲ. ಗಣಿ ಯಜಮಾನ ಮುಷ್ಕರ ಮುರಿಯಲು ರೌಡಿಗಳನ್ನು ಕರೆಸಿದ್ದ. ಕೆಲಸ ಮುಗಿದ ಮೇಲೆ ರೌಡಿಗಳು ವಾಪಸ್ಸು ಹೋಗಲಿಲ್ಲ, ಊರನ್ನೇ ಇಟ್ಟುಕೊಂಡರು. ಅದನ್ನು ಸರಿಮಾಡಲು ಬಂದವನು ಗುಂಪು ಗುಂಪಿಗೆ ತಂದಿಟ್ಟು, ಹೆಣದ ಮೇಲೆ ಹೆಣ ಬೀಳಿಸುತ್ತಾನೆ. ಒಂದು ಹಂತದಲ್ಲಿ ಅವನಿಗೇ ಹೆದರಿಕೆ ಹುಟ್ಟುತ್ತದೆ, ಇದು ತನಗೆ ಹಿತವಾಗುತ್ತಿದೆಯಲ್ಲ ಅಂತ. ವಾಟ್ಸನ್ ಕೂತಿದ್ದ ಜಾಗದಲ್ಲಿ ಇಂಥ ಮಾತು ಸಾಧ್ಯವೇ ಇರಲಿಲ್ಲ.

ಮುಂದಿನ ವರ್ಷ ಪುಸ್ತಕವಾಗಿ ಬಂದದ್ದು ‘ದಿ ಮಾಲ್ಟೀಸ್ ಫಾಲ್ಕನ್’. ಇಲ್ಲಿ ಹ್ಯಾಮೆಟ್ ಕುರ್ಚಿಯನ್ನು ಕೋಣೆಯ ಹೊರಗೇ ಹಾಕಿಬಿಟ್ಟ. ಪತ್ತೇದಾರ ಸ್ಯಾಮ್ ಸ್ಪೇಡ್ ಏನು ಮಾಡಿದ, ಏನು ಹೇಳಿದ, ಸಿಗರೇಟು ಹೇಗೆ ಸುತ್ತಿದ ಎಲ್ಲ ಕಾಣುತ್ತದೆ. ಏನು ಯೋಚಿಸಿದ ಅಂತ ಇಡೀ ಪುಸ್ತಕದಲ್ಲಿ ಒಮ್ಮೆಯೂ ಹೇಳುವುದಿಲ್ಲ. ಅದೇ ಪಿಂಕರ್ಟನ್ ವರದಿ.

ಆ ಪುಸ್ತಕದ ನಡುವೆ ಒಂದು ಉಪಕಥೆ ಇದೆ. ಅಲ್ಲಿ ಸ್ವಲ್ಪ ನಿಲ್ಲಬೇಕು. ಸ್ಪೇಡ್ ಒಂದು ಹಳೆಯ ಕೇಸಿನ ವಿಷಯ ಹೇಳುತ್ತಾನೆ. ಟಕೋಮಾ ಊರಿನಲ್ಲಿ ಫ್ಲಿಟ್‌ಕ್ರಾಫ್ಟ್ ಅಂತ ಒಬ್ಬ, ಜಾಗ ಮನೆ ಮಾರುವ ವ್ಯವಹಾರ. ಹೆಂಡತಿ, ಎರಡು ಮಕ್ಕಳು, ಕೈತುಂಬ ಸಂಪಾದನೆ. ಒಂದು ದಿನ ಮಧ್ಯಾಹ್ನ ಊಟಕ್ಕೆ ಹೊರಟವನು ವಾಪಸ್ಸು ಬರಲಿಲ್ಲ. ಸಾಲ ಇಲ್ಲ, ಬೇರೆ ಹೆಣ್ಣಿಲ್ಲ, ದುಡ್ಡು ತೆಗೆದುಕೊಂಡು ಹೋಗಿಲ್ಲ. ಐದು ವರ್ಷ ಆದಮೇಲೆ ಸ್ಪೋಕೇನ್ ಊರಿನಲ್ಲಿ ಸಿಗುತ್ತಾನೆ. ನಡೆದದ್ದು ಇಷ್ಟು. ಊಟಕ್ಕೆ ಹೋಗುವಾಗ ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಒಂದು ತೊಲೆ ಬಿತ್ತು. ಪಕ್ಕದಲ್ಲೇ ಬಿತ್ತು, ಇವನ ಕೆನ್ನೆಗೆ ಕಾಲುದಾರಿಯ ಕಲ್ಲಿನ ಒಂದು ಚೂರು ಮಾತ್ರ ತಾಗಿತು. ಬದುಕಿನ ಮೇಲಿನ ಮುಚ್ಚಳ ಯಾರೋ ತೆಗೆದು ಒಳಗಿನ ಯಂತ್ರ ತೋರಿಸಿದ ಹಾಗಾಯಿತು ಅವನಿಗೆ. ಒಳ್ಳೆಯ ಗಂಡ, ಒಳ್ಳೆಯ ಅಪ್ಪ ಆಗಿದ್ದರೂ ತೊಲೆ ಬೀಳುತ್ತದೆ. ಹಾಗಿದ್ದರೆ ನಾನೂ ಲೆಕ್ಕ ಇಲ್ಲದೆ ಬದುಕುತ್ತೇನೆ ಅಂತ ಅಲ್ಲಿಂದಲೇ ಹೊರಟುಹೋದ. ಒಂದೆರಡು ವರ್ಷ ಅಲೆದ. ಆಮೇಲೆ? ಸ್ಪೋಕೇನ್‌ನಲ್ಲಿ ಬೇರೆ ಹೆಸರು, ಕಾರಿನ ವ್ಯಾಪಾರ, ಹೆಚ್ಚು ಕಡಿಮೆ ಮೊದಲಿನವಳ ಹಾಗೇ ಇರುವ ಹೆಂಡತಿ, ಒಂದು ಮಗು, ಸಂಜೆ ಗಾಲ್ಫ್.

ಸ್ಪೇಡ್‌ಗೆ ಇಷ್ಟವಾದದ್ದು ಈ ಕೊನೆಯ ಭಾಗವಂತೆ. ತೊಲೆ ಬೀಳುವುದಕ್ಕೆ ಆತ ಹೊಂದಿಕೊಂಡ. ಮತ್ತೆ ಬೀಳಲಿಲ್ಲ, ಬೀಳದೆ ಇರುವುದಕ್ಕೂ ಹೊಂದಿಕೊಂಡ. ಈ ಕಥೆಯನ್ನು ಕೇಳುತ್ತಾ ಎದುರಿಗೆ ಕೂತಿರುವ ಹೆಂಗಸು ‘ಭಾರೀ ಚೆನ್ನಾಗಿದೆ’ ಅಂತ ಒಂದು ಮಾತು ಅಂದು ತನ್ನ ವಿಷಯಕ್ಕೆ ಹೋಗಿಬಿಡುತ್ತಾಳೆ. ಹ್ಯಾಮೆಟ್ ಕೂಡ ವಿವರಣೆ ಕೊಡುವುದಿಲ್ಲ. ಕಥೆಯ ಕಟ್ಟಿಗೆ ಇದರಿಂದ ಏನೂ ಉಪಯೋಗ ಇಲ್ಲ, ತೆಗೆದುಹಾಕಿದರೂ ಕಾದಂಬರಿ ಮುಂದೆ ಹೋಗುತ್ತದೆ. ಆದರೂ ಆ ಎರಡು ಮೂರು ಪುಟಗಳನ್ನು ನಾನು ವರ್ಷಕ್ಕೊಮ್ಮೆ ಓದುತ್ತೇನೆ.

ಹ್ಯಾಮೆಟ್ 1934ರಲ್ಲಿ ಕೊನೆಯ ಕಾದಂಬರಿ ಪ್ರಕಟಿಸಿದ. 1961ರಲ್ಲಿ ಸತ್ತ. ನಡುವೆ ಮತ್ತೊಂದು ಕಾದಂಬರಿ ಬರಲಿಲ್ಲ. 1951ರಲ್ಲಿ, ಜಾಮೀನು ನಿಧಿಯೊಂದಕ್ಕೆ ದುಡ್ಡು ಕೊಟ್ಟವರ ಹೆಸರು ಹೇಳು ಅಂತ ಕೋರ್ಟು ಕೇಳಿದಾಗ ಬಾಯಿ ಬಿಡದೆ ಸುಮಾರು 5 ತಿಂಗಳು ಜೈಲಿನಲ್ಲಿದ್ದ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳದೆ ಇರುವುದು ಅವನ ಗದ್ಯದ ಗುಣ ಮಾತ್ರ ಆಗಿರಲಿಲ್ಲ.

ಹ್ಯಾಮೆಟ್ ಕುರ್ಚಿಯನ್ನು ನೌಕರನಿಗೆ ಕೊಟ್ಟ. ಜೇಮ್ಸ್ ಎಂ. ಕೇನ್ ಅದನ್ನು ಕೊಲೆಗಾರನಿಗೇ ಕೊಟ್ಟುಬಿಟ್ಟ.

1927ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ರೂತ್ ಸ್ನೈಡರ್ ಎಂಬಾಕೆ ತನ್ನ ಪ್ರಿಯಕರ ಜಡ್ ಗ್ರೇ ಜೊತೆ ಸೇರಿ ಗಂಡನನ್ನು ಕೊಂದಳು. ಗಂಡನ ಹೆಸರಲ್ಲಿ ವಿಮೆ ಇತ್ತು. ಅಪಘಾತದಂಥ ಸಾವಾದರೆ ಎರಡರಷ್ಟು ಹಣ ಬರುವ ಷರತ್ತು ಅದರಲ್ಲಿತ್ತು. ಇಬ್ಬರೂ ಸಿಕ್ಕಿಬಿದ್ದರು, ಒಬ್ಬರ ಮೇಲೊಬ್ಬರು ಹೇಳಿದರು. 1928ರ ಜನವರಿಯಲ್ಲಿ ಇಬ್ಬರನ್ನೂ ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದರು. ಒಬ್ಬ ಫೋಟೊಗ್ರಾಫರ್ ಕಾಲಿನ ಮಣಿಕಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಕದ್ದು ರೂತ್ ಸಾಯುವ ಫೋಟೊ ತೆಗೆದ. ಮರುದಿನ ಪೇಪರಿನ ಮುಖಪುಟದಲ್ಲಿ ಅದು ಬಂತು. ಕೇನ್ ಆಗ ಪತ್ರಕರ್ತ. ಈ ಒಂದು ಕೇಸಿನ ಎಳೆ ಅವನ ಎರಡು ಪುಸ್ತಕಗಳಿಗೆ ಸಾಕಾಯಿತು.

ಮೊದಲನೆಯದು 1934ರ ‘ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್’. ಇದರಲ್ಲಿ ಪೋಸ್ಟ್‌ಮ್ಯಾನೇ ಇಲ್ಲ, ಹುಡುಕಬೇಡಿ. ಕೇನ್‌ನ ನಾಟಕಕಾರ ಗೆಳೆಯನೊಬ್ಬ ತಾನು ಕಳಿಸಿದ ಹಸ್ತಪ್ರತಿಗೆ ಉತ್ತರ ಕಾಯುತ್ತಾ, ಬೆಲ್ಲು ಕೇಳಿಸಬಾರದು ಅಂತ ಹಿತ್ತಲಿಗೆ ಹೋಗಿ ಕೂರುತ್ತಿದ್ದನಂತೆ. ಪೋಸ್ಟ್‌ಮ್ಯಾನ್ ಎರಡು ಸಲ ಬೆಲ್ಲು ಮಾಡುತ್ತಿದ್ದ, ಹಿತ್ತಲಿಗೂ ಕೇಳುತ್ತಿತ್ತು. ಹೆಸರು ಅಲ್ಲಿಂದ ಬಂತು ಅಂತ ಕೇನ್ ಬರೆದಿದ್ದಾನೆ. ಕಥೆ ಸುಮಾರು ನೂರು ಪುಟ. ಮೊದಲ ವಾಕ್ಯದಲ್ಲೇ ಒಣಹುಲ್ಲಿನ ಲಾರಿಯಿಂದ ಒಬ್ಬನನ್ನು ರಸ್ತೆಗೆ ದಬ್ಬುತ್ತಾರೆ. ಕ್ಯಾಲಿಫೋರ್ನಿಯಾದ ಹೆದ್ದಾರಿ ಬದಿಯ ಸಣ್ಣ ಹೋಟೆಲಿಗೆ ಅವನು ಹೋಗುತ್ತಾನೆ. ಅಲ್ಲಿ ಯಜಮಾನ, ಯಜಮಾನನ ಹೆಂಡತಿ. ಮುಂದಿನದು ನಿಮಗೆ ಊಹೆ ಆಗುತ್ತದೆ, ಊಹಿಸಿದ ಹಾಗೇ ಆಗುತ್ತದೆ. ಆದರೆ ಹೇಳುವವನು ನಾಚುವುದಿಲ್ಲ, ಅಳುವುದಿಲ್ಲ, ನಮ್ಮ ಕರುಣೆಯನ್ನೂ ಕೇಳುವುದಿಲ್ಲ. ಕೊನೆಯಲ್ಲಿ ಗೊತ್ತಾಗುತ್ತದೆ, ಇದನ್ನು ಅವನು ಗಲ್ಲಿಗೇರುವ ದಿನ ಕಾಯುತ್ತಾ ಬರೆಯುತ್ತಿದ್ದಾನೆ.

ಈಗ ಒಂದು ಹಾರಿಕೆ. 1942ರಲ್ಲಿ ಫ್ರೆಂಚಿನಲ್ಲಿ ಒಂದು ಕಾದಂಬರಿ ಬಂತು. ಅಮ್ಮ ಸತ್ತ ಸುದ್ದಿಯನ್ನು ಮಗ ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಹೇಳುತ್ತಾನೆ. ಸಮುದ್ರದ ದಂಡೆಯಲ್ಲಿ ಒಬ್ಬನನ್ನು ಕೊಲ್ಲುತ್ತಾನೆ, ಅದನ್ನೂ ಹಾಗೇ ಹೇಳುತ್ತಾನೆ. ಸಾವಿಗೆ ಕಾಯುತ್ತಾ ಕಥೆ ಮುಗಿಸುತ್ತಾನೆ. ಅಲ್ಬೇರ್ ಕಮೂನ ‘ಅನ್ಯ’ ಅಂತ ನಾವು ಕರೆಯುವ ಆ ಪುಸ್ತಕದ ಹಿಂದೆ ಕೇನ್‌ನ ಈ ನೂರು ಪುಟ ಇದೆ ಅಂತ ಕಮೂ ತಾನೇ ಒಪ್ಪಿಕೊಂಡಿದ್ದಾನೆ. ನಮ್ಮ ಎಂ.ಎ. ತರಗತಿಯಲ್ಲಿ ಕಮೂನನ್ನು ಅಸ್ತಿತ್ವವಾದ ಅಂತ ಆರು ವಾರ ಪಾಠ ಮಾಡಿದರು. ಕೇನ್‌ನ ಹೆಸರು ಒಂದು ಸಲವೂ ಬರಲಿಲ್ಲ. ಹೋಟೆಲಿನವಳ ಜೊತೆ ಓಡಾಡಿದವನ ಕಥೆ ಯೂನಿವರ್ಸಿಟಿಗೆ ಬರಬೇಕಾದರೆ ಪ್ಯಾರಿಸ್ ಸುತ್ತಿ ಬರಬೇಕು. ಇಟಲಿಯಲ್ಲೂ ಹೀಗೇ ಆಯಿತು. ವಿಸ್ಕೋಂತಿ 1943ರಲ್ಲಿ ಹಕ್ಕು ಗಿಕ್ಕು ಕೇಳದೆ ಇದನ್ನೇ ‘ಒಸ್ಸೆಸ್ಸಿಯೊನೆ’ ಅಂತ ಸಿನಿಮಾ ಮಾಡಿದ.

ಕೇನ್‌ನ ಎರಡನೆಯದು ‘ಡಬಲ್ ಇಂಡೆಮ್ನಿಟಿ’. ಇದರಲ್ಲಿ ಕಥೆ ಹೇಳುವವನು ವಿಮೆ ಏಜೆಂಟ್. ನಮ್ಮ ಮನೆಗೆ ಡೈರಿ, ಕ್ಯಾಲೆಂಡರು ಹಿಡಿದು ಬರುವವರ ಹಾಗೆ ನಯವಾಗಿ ಮಾತಾಡುವವನು. ರೈಲಿನಿಂದ ಬಿದ್ದು ಸತ್ತರೆ ಎರಡರಷ್ಟು ಸಿಗುತ್ತದೆ ಅಂತ ಗೊತ್ತಿದ್ದವನು. 1943ರಲ್ಲಿ ಬಿಲ್ಲಿ ವೈಲ್ಡರ್ ಇದನ್ನು ಸಿನಿಮಾ ಮಾಡಲು ಹೊರಟಾಗ ಜೊತೆಗೆ ಬರೆಯಲು ಸಿಕ್ಕವನು ಚಾಂಡ್ಲರ್. ಚಾಂಡ್ಲರ್‌ಗೆ ಕೇನ್ ಅಂದರೆ ಆಗುತ್ತಿರಲಿಲ್ಲ. ಆದರೂ ಒಂದು ಸರಿಯಾದ ಮಾತು ಹೇಳಿದ. ಕೇನ್‌ನ ಸಂಭಾಷಣೆ ಕಣ್ಣಿಗೆ ಬರೆದದ್ದು, ಬಾಯಲ್ಲಿ ಆಡಿದರೆ ನಿಲ್ಲುವುದಿಲ್ಲ ಅಂತ. ನಟರ ಕೈಯಲ್ಲಿ ಓದಿಸಿ ನೋಡಿದರು, ನಿಜವೇ ಆಗಿತ್ತು. ಹಾಗಾಗಿ ಮಾತುಗಳನ್ನು ಹೊಸದಾಗಿ ಬರೆದರು. ಆ ಸಿನಿಮಾದಲ್ಲಿ ಕೆಲವು ಸೆಕೆಂಡು ಚಾಂಡ್ಲರ್ ಕಾಣಿಸಿಕೊಳ್ಳುತ್ತಾನೆ. ಆಫೀಸಿನ ಹೊರಗೆ ಕುರ್ಚಿಯಲ್ಲಿ ಕೂತು ಪುಸ್ತಕ ಓದುತ್ತಿರುತ್ತಾನೆ, ಕೊಲೆಗಾರ ಅವನ ಮುಂದೆ ನಡೆದುಹೋಗುತ್ತಾನೆ. ಕುರ್ಚಿಯ ಹೋಲಿಕೆ ನನಗೆ ಹೊಳೆದದ್ದು ಆ ದೃಶ್ಯ ನೋಡಿದಾಗ ಅಂತ ಈಗಲಾದರೂ ಹೇಳಿಬಿಡುತ್ತೇನೆ.

ಚಾಂಡ್ಲರ್‌ನ ಬದುಕಿನಲ್ಲಿ ಕಥೆ ಬರೆಯುವವರಿಗೆ ಉಪಯೋಗವಾಗುವ ಒಂದು ವಿಷಯ ಇದೆ. ಅವನು ಹುಟ್ಟಿದ್ದು ಷಿಕಾಗೊದಲ್ಲಿ, ಓದಿದ್ದು ಇಂಗ್ಲೆಂಡಿನಲ್ಲಿ ಲ್ಯಾಟಿನ್, ಗ್ರೀಕ್. ಲಾಸ್ ಏಂಜಲೀಸ್‌ನ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. 1932ರಲ್ಲಿ ಕುಡಿತ, ಗೈರುಹಾಜರಿ ಜಾಸ್ತಿಯಾಗಿ ಕೆಲಸ ಹೋಯಿತು. ವಯಸ್ಸು 44. ಹೊಟ್ಟೆಪಾಡಿಗೆ ಕಥೆ ಬರೆಯಲು ಕಲಿತ. ಹೇಗೆ? ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್‌ನ ಒಂದು ಕಥೆ ತೆಗೆದುಕೊಂಡು ಅದರ ಸಾರಾಂಶ ಮಾಡಿದ. ಆ ಸಾರಾಂಶದಿಂದ ಕಥೆಯನ್ನು ತಾನೇ ಮತ್ತೆ ಬರೆದ. ಮೂಲದ ಜೊತೆ ಇಟ್ಟು ನೋಡಿದ, ಎಲ್ಲಿ ಸೋತೆ ಅಂತ. ಮತ್ತೆ ಬರೆದ. ಮೊದಲ ಕಥೆಗೆ 5 ತಿಂಗಳು ಹಿಡಿಯಿತು. 1933ರ ಡಿಸೆಂಬರಿನಲ್ಲಿ ‘ಬ್ಲ್ಯಾಕ್ ಮಾಸ್ಕ್’ ಅದಕ್ಕೆ 180 ಡಾಲರ್ ಕೊಟ್ಟಿತು, ಪದಕ್ಕೆ ಒಂದು ಸೆಂಟು. ಮೊದಲ ಕಾದಂಬರಿ ಬಂದಾಗ ಅವನಿಗೆ 50. ನಮ್ಮಲ್ಲಿ ಮೂವತ್ತಕ್ಕೇ ‘ಇನ್ನು ನನ್ನಿಂದ ಆಗಲ್ಲ ಸಾರ್’ ಅನ್ನುವವರು ಇದ್ದಾರೆ.

ಅವನ ಪತ್ತೇದಾರ ಫಿಲಿಪ್ ಮಾರ್ಲೊ ದಿನಕ್ಕೆ 25 ಡಾಲರ್ ಮತ್ತು ಖರ್ಚು ಅನ್ನುವವನು. ಮೊದಮೊದಲು ನನಗೆ ಅವನ ಮಾತಿನ ಮೋಡಿ ಮಾತ್ರ ಕಂಡಿತು. ಈಗ ಓದುವಾಗ ಒಂದು ಕಡೆ ಮುಳ್ಳು ಚುಚ್ಚುತ್ತದೆ. ಅದನ್ನು ಹೇಳದಿದ್ದರೆ ಮುಂದಿನವರು ಏನು ಮಾಡಿದರು ಅಂತ ತಿಳಿಯುವುದಿಲ್ಲ.

1940ರ ‘ಫೇರ್‌ವೆಲ್, ಮೈ ಲವ್ಲಿ’ ಹೀಗೆ ಶುರುವಾಗುತ್ತದೆ. ಲಾಸ್ ಏಂಜಲೀಸ್‌ನ ಸೆಂಟ್ರಲ್ ಅವೆನ್ಯೂ. ಜೈಲಿನಿಂದ ಬಂದ ದೈತ್ಯನಂಥ ಒಬ್ಬ ಬಿಳಿಯ ತನ್ನ ಹಳೆಯ ಹುಡುಗಿಯನ್ನು ಹುಡುಕಿಕೊಂಡು ಒಂದು ಬಾರಿಗೆ ನುಗ್ಗುತ್ತಾನೆ. ಅದು ಈಗ ಕಪ್ಪು ಜನರ ಬಾರು. ಮಾರ್ಲೊ ಹಿಂದೆ ಹೋಗುತ್ತಾನೆ. ದೈತ್ಯ ಒಳಕೋಣೆಗೆ ಹೋಗಿ ಬಾರಿನ ಯಜಮಾನನನ್ನು ಕೊಂದು ಹೊರಟುಹೋಗುತ್ತಾನೆ. ಪೊಲೀಸರು ಆ ಕೇಸನ್ನು ಒಬ್ಬ ಸೋಮಾರಿ ಅಧಿಕಾರಿಗೆ ತಳ್ಳುತ್ತಾರೆ. ಸತ್ತವನು ಕಪ್ಪು ಮನುಷ್ಯ, ಪೇಪರಿನಲ್ಲಿ ಸುದ್ದಿ ಕೂಡ ಆಗುವುದಿಲ್ಲ ಅಂತ ಆತನೇ ಗೊಣಗುತ್ತಾನೆ. ಚಾಂಡ್ಲರ್ ಆ ಉದಾಸೀನವನ್ನು ಬರೆದಿದ್ದಾನೆ, ಅದು ನಿಜ. ಆದರೆ ಕಾದಂಬರಿ ಕೂಡ ಆ ಹೆಣವನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಆ ಬಾರಿನಲ್ಲಿ ಕೂತಿದ್ದವರಿಗೆ ಏನನ್ನಿಸಿತು? ಕುರ್ಚಿ ಮಾರ್ಲೊ ಕೈಯಲ್ಲಿದೆ. ಅವನು ಬಾಗಿಲಿನಿಂದ ಕಾಣುವಷ್ಟನ್ನೇ ಹೇಳುತ್ತಾನೆ.

50 ವರ್ಷ ಆದಮೇಲೆ, 1990ರಲ್ಲಿ, ವಾಲ್ಟರ್ ಮೋಸ್ಲಿ ಅವರ ಮೊದಲ ಕಾದಂಬರಿ ‘ಡೆವಿಲ್ ಇನ್ ಎ ಬ್ಲೂ ಡ್ರೆಸ್’ ಬಂತು. ಅವರು ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದವರು. ಬೆಂಗಳೂರಿನಲ್ಲಿ ಕೂತು ಇದನ್ನು ಕೇಳುತ್ತಿರುವ ಕೆಲವರ ಕಣ್ಣು ಈಗ ಅರಳಿತು, ನೋಡಿದೆ. ಕಥೆ ನಡೆಯುವುದು 1948ರ ಲಾಸ್ ಏಂಜಲೀಸ್‌ನಲ್ಲಿ. ಹೇಳುವವನು ಈಜಿ ರಾಲಿನ್ಸ್, ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಯುವಕ. ವಿಮಾನ ಕಾರ್ಖಾನೆಯ ಕೆಲಸ ಹೋಗಿದೆ. ಮನೆ ಸಾಲದ ಕಂತು ಕಟ್ಟಬೇಕು. ಗೆಳೆಯನ ಬಾರಿನಲ್ಲಿ ಕೂತಿದ್ದಾನೆ. ಬಾಗಿಲಲ್ಲಿ ಒಬ್ಬ ಬಿಳಿಯ ಬಂದು ನಿಲ್ಲುತ್ತಾನೆ. ಬಿಳಿ ಸೂಟು, ಬಿಳಿ ಹ್ಯಾಟು.

ಗಮನಿಸಿದಿರಾ? ಅದೇ ಊರು, ಅಂಥದೇ ಬಾರು, ಅದೇ ಬಾಗಿಲು. ಮೋಸ್ಲಿ ಮಾಡಿದ್ದು ಇಷ್ಟೇ, ಕುರ್ಚಿ ತಿರುಗಿಸಿ ಬಾರಿನ ಒಳಗಡೆ ಹಾಕಿದರು. ಆಗ ನುವಾರ್‌ನ ಹಳೆಯ ಸಾಮಾನುಗಳೆಲ್ಲ ಬೇರೆ ತೂಕಕ್ಕೆ ಬಂದವು. ಮಾರ್ಲೊ ಪೊಲೀಸರ ಹತ್ತಿರ ವ್ಯಂಗ್ಯ ಆಡಿದರೆ ಒಂದು ಏಟು ಬೀಳಬಹುದು. ಈಜಿ ಅದೇ ವ್ಯಂಗ್ಯ ಆಡಿದರೆ ಜೀವವೇ ಹೋಗಬಹುದು, ಹಾಗಾಗಿ ಒಳಗೇ ನುಂಗಿಕೊಳ್ಳುತ್ತಾನೆ, ನಮಗೆ ಮಾತ್ರ ಹೇಳುತ್ತಾನೆ. ಮಾರ್ಲೊಗೆ ದುಡ್ಡು ಒಂದು ಮರ್ಯಾದೆಯ ಪ್ರಶ್ನೆ, ಈಜಿಗೆ ತಿಂಗಳ ಕಂತು. ತನ್ನ ಆ ಸಣ್ಣ ಮನೆಯ ಬಗ್ಗೆ, ಅದರ ಹಣ್ಣಿನ ಮರಗಳ ಬಗ್ಗೆ ಅವನು ಮಾತಾಡುವ ಪುಟಗಳು ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟ. ಸೈಟು, ಸಾಲ, ಸ್ವಂತ ಮನೆ ಅಂತ ಉಸಿರಾಡುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೋಸ್ಲಿ ಅವರಿಗಿಂತ ಮೊದಲು ಈ ದಾರಿ ತುಳಿದವನು ಚೆಸ್ಟರ್ ಹೈಮ್ಸ್. ದರೋಡೆ ಮಾಡಿ 1928ರಲ್ಲಿ ಒಹಾಯೊದ ಜೈಲಿಗೆ ಹೋದ, 1936ರಲ್ಲಿ ಹೊರಬಂದ. ಬರೆಯಲು ಕಲಿತದ್ದು ಜೈಲಿನಲ್ಲೇ. ಆಮೇಲೆ ಪ್ಯಾರಿಸ್ಸಿಗೆ ಹೋಗಿ ಕಾಸಿಲ್ಲದೆ ಕೂತಿದ್ದಾಗ, ಅದೇ ದ್ಯುಅಮೆಲ್ ಸಿಕ್ಕಿ, ನಮ್ಮ ಮಾಲೆಗೆ ಒಂದು ಪತ್ತೇದಾರಿ ಬರೆದುಕೊಡು ಅಂದ. ಯಾರು ಏನು ಯೋಚಿಸಿದರು ಅಂತ ಬೇಡ, ಏನು ಮಾಡಿದರು ಅಂತ ಬರಿ ಅಂತಲೂ ಹೇಳಿದ. ಮತ್ತೆ ಅದೇ ಪಿಂಕರ್ಟನ್ ಪಾಠ, ಸಮುದ್ರ ದಾಟಿ ಬಂದದ್ದು. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆ ಹಾರ್ಲೆಮ್, ಅಲ್ಲಿನ ಕಥೆಯಾಗಿ ಹಾಗೆ ಹುಟ್ಟಿದ ಮೊದಲ ಕಾದಂಬರಿ 1957ರಲ್ಲಿ ಬಂತು. ಅದರ ಶುರು ಕೇಳಿ. ಜ್ಯಾಕ್ಸನ್ ಎಂಬ ಮುಗ್ಧ 10 ಡಾಲರಿನ ನೋಟುಗಳನ್ನು 100 ಡಾಲರ್ ಮಾಡಿಸಲು ಹೊರಟಿದ್ದಾನೆ. ಒಬ್ಬ ‘ತಜ್ಞ’ ನೋಟುಗಳಿಗೆ ರಾಸಾಯನಿಕದ ಕಾಗದ ಸುತ್ತಿ ಒಲೆಯೊಳಗೆ ಇಡುತ್ತಾನೆ. ಒಲೆ ಢಮಾರ್ ಅನ್ನುತ್ತದೆ, ಪೊಲೀಸ್ ವೇಷದವನು ಒಳಗೆ ಬರುತ್ತಾನೆ, ದುಡ್ಡೂ ಇಲ್ಲ, ಹುಡುಗಿಯೂ ಇಲ್ಲ. ನೋಟು ಡಬಲ್ ಮಾಡಿಕೊಡುತ್ತೇವೆ ಅಂತ ಟೋಪಿ ಹಾಕುವ ಸುದ್ದಿ ನಮ್ಮ ಪೇಪರುಗಳಲ್ಲಿ ಬರುತ್ತಲೇ ಇರುತ್ತದೆ ಅಲ್ವಾ? ಜ್ಯಾಕ್ಸನ್‌ನ ಅವಳಿ ತಮ್ಮ ಸನ್ಯಾಸಿನಿಯ ವೇಷ ಹಾಕಿಕೊಂಡು ಸ್ವರ್ಗಕ್ಕೆ ಟಿಕೆಟ್ ಮಾರುತ್ತಿರುತ್ತಾನೆ. ಹೈಮ್ಸ್‌ನನ್ನು ಓದುವಾಗ ನಗು ಬರುತ್ತದೆ, ನಕ್ಕದ್ದಕ್ಕೆ ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಹೆಂಗಸರ ವಿಷಯಕ್ಕೆ ಬರುತ್ತೇನೆ, ಮುಂದಿನ ಸಾಲಿನಿಂದ ಆಗಲೇ ಸನ್ನೆ ಬಂದಿದೆ. ಚಾಂಡ್ಲರ್, ಕೇನ್ ಪುಸ್ತಕಗಳಲ್ಲಿ ಸುಂದರಿ ಬಂದಳು ಅಂದರೆ ಸಂಚು ಬಂತು ಅಂತಲೇ ಲೆಕ್ಕ. ಇದಕ್ಕೆ ಉತ್ತರ ಬಹಳ ಬೇಗ ಬಂತು, ನಾವು ಓದಿದ್ದು ತಡವಾಗಿ. 1947ರಲ್ಲಿ ಡೊರೊತಿ ಬಿ. ಹ್ಯೂಸ್ ‘ಇನ್ ಎ ಲೋನ್ಲಿ ಪ್ಲೇಸ್’ ಬರೆದಳು. ಯುದ್ಧದಿಂದ ಬಂದ ವಿಮಾನ ಪಡೆಯವನೊಬ್ಬ ಹೆಂಗಸರ ಕತ್ತು ಹಿಸುಕಿ ಕೊಲ್ಲುತ್ತಿದ್ದಾನೆ. ನಾವು ಇಡೀ ಪುಸ್ತಕ ಅವನ ತಲೆಯೊಳಗೇ ಇರುತ್ತೇವೆ. ಆದರೆ ಒಂದು ಕೊಲೆಯನ್ನೂ ಆಕೆ ತೋರಿಸುವುದಿಲ್ಲ. ಪತ್ತೇದಾರ ಗೆಳೆಯ ಅವನ ಜೊತೆ ಕೂತು ಕುಡಿಯುತ್ತಾ ಕೇಸಿನ ವಿಷಯ ಮಾತಾಡುತ್ತಾನೆ, ಏನೂ ಕಾಣುವುದಿಲ್ಲ. ಕಾಣುವುದು ಇಬ್ಬರು ಹೆಂಗಸರಿಗೆ. ಗೆಳೆಯನ ಹೆಂಡತಿಗೆ ಇವನನ್ನು ನೋಡಿದ ಮೊದಲ ಸಂಜೆಯಿಂದಲೇ ಏನೋ ಸರಿ ಇಲ್ಲ ಅನ್ನಿಸಿರುತ್ತದೆ. ಬಸ್ಸಿನಲ್ಲಿ ಒಬ್ಬಳೇ ಹೋಗುವ ಯಾವ ಹುಡುಗಿಯನ್ನಾದರೂ ಕೇಳಿ, ಆ ಅನ್ನಿಸುವಿಕೆ ಏನು ಅಂತ ಹೇಳುತ್ತಾಳೆ. 1950ರಲ್ಲಿ ಸಿನಿಮಾ ಮಾಡಿದವರು ನಾಯಕನನ್ನು ಕೊಲೆಗಾರ ಅಲ್ಲ ಅಂತ ಮಾಡಿಬಿಟ್ಟರು. ಒಳ್ಳೆಯ ಸಿನಿಮಾ. ಆದರೆ ಪುಸ್ತಕದ ಎದೆಗಾರಿಕೆ ಅದಕ್ಕಿಲ್ಲ.

ಷಿಕಾಗೊದ ಸಾರಾ ಪರೆಟ್‌ಸ್ಕಿ ಅವರು ವಿಮೆ ಕಂಪನಿಯಲ್ಲಿ ಕೆಲಸ ಮಾಡುತ್ತಲೇ 1982ರಲ್ಲಿ ‘ಇಂಡೆಮ್ನಿಟಿ ಓನ್ಲಿ’ ಬರೆದರು. ಹೆಸರು ನೋಡಿ, ಕೇನ್‌ನ ವಿಮೆಯ ವಾಸನೆ ಇನ್ನೂ ಹೋಗಿಲ್ಲ. ಇಲ್ಲಿ ಬಾಡಿಗೆ ಪತ್ತೇದಾರಳೇ ಹೆಂಗಸು, ‘ನಾನು’ ಅಂತ ಅವಳೇ ಹೇಳುತ್ತಾಳೆ. ಏಟು ತಿನ್ನುತ್ತಾಳೆ, ಬಾಡಿಗೆ ಕಟ್ಟುತ್ತಾಳೆ. ಮನೆಯಲ್ಲಿ ತೊಳೆಯದ ಪಾತ್ರೆಗಳ ರಾಶಿ ಹಾಗೇ ಇರುತ್ತದೆ.

ಜಿಮ್ ಥಾಂಪ್ಸನ್ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ, ಕರೆಂಟು ಮತ್ತೆ ಹೋಗುವ ಹಾಗಿದೆ. ಅವನ ಅಪ್ಪ ಒಕ್ಲಹೋಮಾದಲ್ಲಿ ಷೆರಿಫ್ ಆಗಿದ್ದವನು. 1952ರ ‘ದಿ ಕಿಲ್ಲರ್ ಇನ್‌ಸೈಡ್ ಮಿ’ಯಲ್ಲಿ ಕಥೆ ಹೇಳುವವನು ಸಣ್ಣ ಊರಿನ ಪೊಲೀಸು, ಒಳಗೆ ಕೊಲೆಗಾರ. ಕೊಲ್ಲದೆ ಇರುವ ಹೊತ್ತಿನಲ್ಲಿ ಜನರನ್ನು ಅವನು ಹಿಂಸಿಸುವುದು ಹೇಗೆ ಗೊತ್ತಾ? ಹಳಸಲು ಗಾದೆಗಳನ್ನು ಹೇಳಿ. ಎದುರಿಗಿದ್ದವರು ತಪ್ಪಿಸಿಕೊಳ್ಳಲಾರರು, ಬೈಯಲಾರರು. ಇವನು ನಗುತ್ತಾ ಒಂದರ ಹಿಂದೊಂದು ಗಾದೆ ಬಿಡುತ್ತಾನೆ. ನನಗೂ ಕೆಲವು ಸಭಾಧ್ಯಕ್ಷರು ನೆನಪಾದರು, ಹೆಸರು ಬೇಡ. ಥಾಂಪ್ಸನ್ 1977ರಲ್ಲಿ ಸತ್ತಾಗ ಅಮೆರಿಕದಲ್ಲಿ ಅವನ ಒಂದು ಪುಸ್ತಕವೂ ಅಚ್ಚಿನಲ್ಲಿರಲಿಲ್ಲ. ಎಂಬತ್ತರ ದಶಕದಲ್ಲಿ ಮತ್ತೆ ಅಚ್ಚಾದವು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಬರೆದುಕೊಂಡಿದ್ದೇನೆ.

ಹಿಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು, ‘ಸಾರ್, ಕನ್ನಡದಲ್ಲಿ ನುವಾರ್ ಇದೆಯಾ?’ ಪತ್ತೇದಾರಿ ಕಪಾಟಿನಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ ಅಂದೆ. ಬೇರೆ ಕಪಾಟಿನಲ್ಲಿ ನೋಡು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದು. ಅವರು ಇವರಿಂದ ಏನಾದರೂ ತೆಗೆದುಕೊಂಡರು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲೂ ಹೇಳುವವನಿಗೆ ಹೆಸರಿಲ್ಲ, ಕಾಫಿ ಹೌಸಿನಲ್ಲಿ ಕೂತಿರುತ್ತಾನೆ. ಮನೆಯ ದುಡ್ಡಿನಿಂದ ಬದುಕುವವನು. ಏನಾಗಿದೆ ಅಂತ ಅವನಿಗೆ ಗೊತ್ತಿದೆಯಾ, ಗೊತ್ತಿಲ್ಲದ ಹಾಗೆ ಇದ್ದಾನಾ, ಓದುತ್ತಾ ಓದುತ್ತಾ ಕೈ ತಣ್ಣಗಾಗುತ್ತದೆ. ಪೊಲೀಸು ಬರುವುದೇ ಇಲ್ಲ.

ಇನ್ನೊಬ್ಬರು, ನಿವೃತ್ತ ಮೇಷ್ಟ್ರು, ಮೊದಲು ಯಾವುದನ್ನು ಓದಲಿ ಅಂದರು. ಕೇನ್ ಅಂದೆ. ನೂರೇ ಪುಟ, ಮೈಸೂರು ರೈಲು ಹತ್ತಿ ಓದಲು ಕೂತರೆ ಇಳಿಯುವ ಮೊದಲು ಮುಗಿಯುತ್ತದೆ. ಆಮೇಲೆ ಚಾಂಡ್ಲರ್. ‘ಹಾಗಾದರೆ ಆ ಹರಿದ ಪುಸ್ತಕ ಕೊಡಿ, ಓದಿ ತಂದುಕೊಡ್ತೀನಿ’ ಅಂದರು. ಕೊನೆಯ ಪುಟಗಳು ಇಲ್ಲ ಮೇಷ್ಟ್ರೇ, ಅದನ್ನೇ ಆಗಿನಿಂದ ಹೇಳುತ್ತಿದ್ದೇನೆ ಅಂದೆ. ‘ಇರಲಿ ಬಿಡಿ, ಆ ಡ್ರೈವರನ್ನು ಕೊಂದವರು ಯಾರು ಅಂತ ಇರುವ ಪುಟಗಳಲ್ಲೇ ಹುಡುಕುತ್ತೇನೆ’ ಅಂತ ಪುಸ್ತಕವನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು.